ವ್ಯಾಟಿನ ಅಂಕೆಯೂ ಹಿಂದಿನ ಸಾಲಿನ ಕಿವಿಯೂ

ಮಠಮಾನ್ಯಗಳ ಶಿಕ್ಷಣ ಸಂಸ್ಥೆಗಳಿಗೆ ಭಕ್ತರೂ ಹಳೆಯ ವಿದ್ಯಾರ್ಥಿಗಳೂ ಸಲ್ಲಿಸುವ ಕಾಣಿಕೆಗಳಲ್ಲಿ ಗಡಿಯಾರ, ಕಪಾಟು, ಬೆಂಚುಗಳ ಜೊತೆಗೆ ಧ್ವನಿವರ್ಧಕಕ್ಕೂ ಸ್ಥಾನವಿದೆ. ದಾನಿಗಳ ಹೆಸರನ್ನು ಅದರ ಮೇಲೆ ಬಣ್ಣದಲ್ಲಿ ಬರೆಸುವುದು ರೂಢಿ. ಆ ಹೆಸರಿನಷ್ಟೇ ಅಭಿಮಾನದಿಂದ ಹೇಳಿಕೊಳ್ಳುವ ಇನ್ನೊಂದು ಸಂಗತಿಯೆಂದರೆ ವ್ಯಾಟಿನ ಅಂಕೆ. ಈ ಅಂಕೆಯ ಮೋಹವೇ ಮಿಶ್ರಿಕೋಟಿಯಂಥ ಊರುಗಳ ಸಭೆಗಳಲ್ಲಿ ಮಾತನ್ನು ಕೆಡಿಸುತ್ತಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಹಳ್ಳಿಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಜನ ಹೆಚ್ಚು ಸೇರಿದರೆಂದು ಎರಡು ಸ್ಪೀಕರುಗಳಿದ್ದ ತಂತಿಗೇ ಇನ್ನೆರಡನ್ನು ಸೇರಿಸಿದರು. ಅಧ್ಯಕ್ಷರು ಭಾಷಣಕ್ಕೆ ನಿಂತು ಹತ್ತು ನಿಮಿಷವಾಗಿರಲಿಲ್ಲ, ಸುಟ್ಟ ವಾಸನೆ ಬಂದು ಸದ್ದಡಗಿತು. ಕಡಿಮೆ ವ್ಯಾಟಿನ ಆಂಪ್ಲಿಫೈಯರ್ ತಂದದ್ದೇ ತಪ್ಪೆಂದು ಎಲ್ಲರೂ ತೀರ್ಮಾನಿಸಿದರು. ತಪ್ಪು ಬೇರೆ ಕಡೆ ಇತ್ತು.

ಸ್ಪೀಕರಿನ ಬೆನ್ನಿಗೆ 4, 8 ಅಥವಾ 16 ಓಮ್ ಎಂದು ಬರೆದಿರುತ್ತದೆ. ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ಈ ಒಟ್ಟು ತಡೆಗೆ ಇಂಪೀಡನ್ಸ್ ಎಂದು ಹೆಸರು. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ ತಡೆ 4 ಓಮಿಗೆ ಇಳಿಯುತ್ತದೆ. ನಾಲ್ಕನ್ನು ಜೋಡಿಸಿದರೆ 2 ಓಮಿಗೆ. ಕೆರೆಗೆ ತೂಬುಗಳನ್ನು ಹೆಚ್ಚಿಸಿದಷ್ಟೂ ನೀರು ಹೆಚ್ಚು ಹರಿಯುವಂತೆ, ತಡೆ ಇಳಿದಷ್ಟೂ ವಿದ್ಯುತ್ ಪ್ರವಾಹ ಏರುತ್ತದೆ. 4 ಓಮಿಗಿಂತ ಕೆಳಗೆ ತಾಳಲಾರದ ಯಂತ್ರದಿಂದ ಇಮ್ಮಡಿ ಪ್ರವಾಹವನ್ನು ಎಳೆದರೆ ಅದರ ಟ್ರಾನ್ಸಿಸ್ಟರುಗಳು ಸುಡದೆ ಇನ್ನೇನಾದೀತು? ಅದೇ ನಾಲ್ಕನ್ನು ಎರಡೆರಡಾಗಿ ಸರಣಿಯಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರಗೊಳಿಸಿದ್ದರೆ ಒಟ್ಟು ತಡೆ 8 ಓಮೇ ಆಗುತ್ತಿತ್ತು. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ ಬಿಡಿಸಬಲ್ಲ ಲೆಕ್ಕವಿದು. ಈ ಅಳತೆಗೆ ಹೆಸರಾದ ಜಾರ್ಜ್ ಓಮ್ ಕೂಡ ಕಲೋನ್ ನಗರದಲ್ಲಿ ಶಾಲಾ ಶಿಕ್ಷಕನಾಗಿದ್ದವನು. 1827ರಲ್ಲಿ ತನ್ನ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನೆಂಬುದನ್ನು ಅಧ್ಯಾಪಕ ಬಂಧುಗಳು ಸಂತೋಷದಿಂದ ನೆನೆಯಬಹುದು.

ಇನ್ನು ವ್ಯಾಟಿನ ಮಾತು. ಯಂತ್ರವು ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಆರ್.ಎಂ.ಎಸ್. ಎಂದು ನಮೂದಿಸುವುದು ಪ್ರಾಮಾಣಿಕ ಕ್ರಮ. ಕ್ಷಣಮಾತ್ರದ ಶಿಖರವನ್ನು ಪಿ.ಎಂ.ಪಿ.ಓ. ಎಂದು ಸಾವಿರದ ಲೆಕ್ಕದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚುಹಾಕುವುದು ಬರಿಯ ಸಂತೆಯ ಕೂಗು. ನಿಜವಾದ ವ್ಯಾಟನ್ನೇ 100ರಿಂದ 200ಕ್ಕೆ ಏರಿಸಿದರೂ ದೊರೆಯುವುದು 3 ಡೆಸಿಬೆಲ್. ಕಿವಿಗೆ ಅದು ತುಸುವೇ ಹೆಚ್ಚಳ. ಎರಡರಷ್ಟು ಗಟ್ಟಿಯಾಗಿ ಕೇಳಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಇತ್ತ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ನಷ್ಟ. ಹೀಗಿರುತ್ತ ವೇದಿಕೆಯ ಎಡಬಲಗಳಲ್ಲಿ ಮಾತ್ರ ಪೆಟ್ಟಿಗೆಗಳನ್ನು ಪೇರಿಸಿದರೆ ಮುಂದೆ ಕುಳಿತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಹಿಂದೆ ಕುಳಿತ ತಾಯಂದಿರಿಗೆ ಗದ್ದಲ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ.

ಸಭೆಗಳಿಗೆಂದು ತಯಾರಾಗುವ ಅನೇಕ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ 100 ವೋಲ್ಟ್ ಎಂಬ ತಿರುಪು ಇರುತ್ತದೆ. ಇದನ್ನು ಬಳಸುವವರು ವಿರಳ. 100 ವ್ಯಾಟಿನ ಒಂದೇ ಯಂತ್ರದಿಂದ, 10 ವ್ಯಾಟಿನ ಹತ್ತು ಪೆಟ್ಟಿಗೆಗಳನ್ನು, ಪ್ರತಿಯೊಂದಕ್ಕೂ ಲೈನ್ ಟ್ರಾನ್ಸ್‌ಫಾರ್ಮರ್ ಕೊಟ್ಟು, ಪೆಂಡಾಲಿನ ಉದ್ದಕ್ಕೂ ಹರಡಬಹುದು. ಇಲ್ಲಿ ಓಮಿನ ಲೆಕ್ಕದ ತೊಡಕೂ ಇಲ್ಲ. ಪೆಟ್ಟಿಗೆಗಳ ವ್ಯಾಟುಗಳ ಮೊತ್ತ ಯಂತ್ರದ ವ್ಯಾಟನ್ನು ಮೀರದಿದ್ದರಾಯಿತು. ಜಾತ್ರೆ, ಮೆರವಣಿಗೆಗಳಿಗೆ ದೊಡ್ಡದು ಬೇಡವೇ ಎಂದು ಕೇಳುವವರುಂಟು. ವರುಷಕ್ಕೊಮ್ಮೆ ಬೇಕಾದುದನ್ನು ಬಾಡಿಗೆಗೆ ತರಬಹುದು.

2023ರ ಜನವರಿಯಲ್ಲಿ ದೇಹ ಬಿಟ್ಟ ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು ಮೆಲುದನಿಯಲ್ಲಿ ಆಡುತ್ತಿದ್ದ ಪ್ರವಚನವನ್ನು ಸಾವಿರಾರು ಜನ ನಿಶ್ಶಬ್ದವಾಗಿ ಕುಳಿತು ಕೇಳುತ್ತಿದ್ದುದನ್ನು ಉತ್ತರ ಕರ್ನಾಟಕದ ಜನ ಬಲ್ಲರು. ಅಬ್ಬರವಿಲ್ಲದೆ ಸಭೆ ಕಳೆಗಟ್ಟುವುದಿಲ್ಲವೆಂಬವರಿಗೆ ಬೇರೆ ಉತ್ತರ ಬೇಕಿಲ್ಲ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳೂ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮಿತಿಯನ್ನು ಹಾಕಿವೆ.

ಆದುದರಿಂದ ಧ್ವನಿವರ್ಧಕ ಕೊಡಬಯಸುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ: ಅಂಗಡಿಗೆ ಹೋಗುವ ಮುನ್ನ ಸಭೆ ಸೇರುವ ಸ್ಥಳದ ಉದ್ದಗಲಗಳನ್ನು ಅಳೆಯಿಸಿರಿ. ವ್ಯಾಟಿನಲ್ಲಿ ಉಳಿದ ಹಣವನ್ನು ಒಳ್ಳೆಯ ಮೈಕಿಗೂ ದಪ್ಪ ತಂತಿಗೂ ವಿನಿಯೋಗಿಸಿರಿ. ಜೋಡಣೆಯ ನಕ್ಷೆಯೊಂದನ್ನು ಬರೆದು, ಓಮಿನ ಲೆಕ್ಕ ಸಹಿತ ಆಂಪ್ಲಿಫೈಯರಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುವ ಕೆಲಸವನ್ನು ಹತ್ತನೆಯ ತರಗತಿಯ ಮಕ್ಕಳಿಗೇ ಒಪ್ಪಿಸಬಹುದು. ದಾನಿಗಳ ಹೆಸರು ಮುಚ್ಚಳದ ಹೊರಗೆ ಇದ್ದೇ ಇರುತ್ತದೆ.