ಕಟ್ಟಡ ಅವರದು, ಪಾಠ ನಮ್ಮದು

ಖಾಸಗಿ ವೈದ್ಯಕೀಯ ಕಾಲೇಜಿನ ಫೀಸಿನ ಮಾತು ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: "ಅವರ ದುಡ್ಡು, ಅವರ ಕಾಲೇಜು. ಕೈಲಾದವರು ಸೇರಲಿ." ಇದನ್ನು ನಾನು ಒಪ್ಪುವುದಿಲ್ಲ. ಕಟ್ಟಡ ಅವರದಿರಬಹುದು. ಆದರೆ ವೈದ್ಯವಿದ್ಯೆಯನ್ನು ಕಟ್ಟಡ ಕಲಿಸುವುದಿಲ್ಲ, ರೋಗಿಯ ಮೈ ಕಲಿಸುತ್ತದೆ.

ನಮ್ಮ ಜಿಲ್ಲೆಯನ್ನೇ ನೋಡಿ. ಬಾಪೂಜಿ ವಿದ್ಯಾಸಂಸ್ಥೆ ದಾವಣಗೆರೆಯಲ್ಲಿ ಹುಟ್ಟಿದ್ದು 1958ರಲ್ಲಿ; ಅದರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ. ಅದಕ್ಕೂ ಮೊದಲೇ, 1953ರಲ್ಲಿ, ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ದಾರಿ ತೋರಿಸಿದ್ದರು. ಸರ್ಕಾರಿ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಆ ಹಿರಿಯರು ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ಜೆ.ಜೆ.ಎಂ. ವಿದ್ಯಾರ್ಥಿಗಳು ಬಾಪೂಜಿ ಆಸ್ಪತ್ರೆಯಲ್ಲಷ್ಟೇ ಅಲ್ಲ, ಸರ್ಕಾರದ ಚಿಗಟೇರಿ ಆಸ್ಪತ್ರೆಯಲ್ಲೂ ಕಲಿತವರು. ಅಲ್ಲಿನ ಮಂಚಗಳ ಮೇಲೆ ಮಲಗಿದವರು ಯಾರು? ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಕೂಲಿ ಹೆಂಗಸರು, ಬಾಣಂತಿಯರು. ಅವರ ನಾಡಿ ಹಿಡಿದು ಎಷ್ಟೋ ಮಂದಿ ಡಾಕ್ಟರಾದರು. ಈ ಗುರುದಕ್ಷಿಣೆಯ ಲೆಕ್ಕ ಯಾವ ಖಾತೆಯಲ್ಲಿದೆ?

ಕಾನೂನು ಸುಮ್ಮನೆ ಕುಳಿತಿರಲಿಲ್ಲ. ಕ್ಯಾಪಿಟೇಶನ್ ಶುಲ್ಕವನ್ನು ನಮ್ಮ ರಾಜ್ಯ 1984ರಲ್ಲೇ ನಿಷೇಧಿಸಿತು. ಆದರೆ 1989ರ ಸರ್ಕಾರಿ ಆದೇಶದಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ! ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿದ ಮೋಹಿನಿ ಜೈನ್ ಎಂಬ ಹೆಣ್ಣುಮಗಳು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಳು. ಇದು ಬೇರೆ ಹೆಸರಿನ ಕ್ಯಾಪಿಟೇಶನ್ನೇ ಎಂದು 1992ರಲ್ಲಿ ತೀರ್ಪಾಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂದು ಹಂಚಿತು. 2002ರಲ್ಲಿ ಅದೂ ಬಿದ್ದುಹೋಯಿತು. ಲಾಭಕೋರತನ ಕೂಡದು, ಆದರೆ ಮಿತವಾದ ಉಳಿತಾಯ ಇರಬಹುದು ಎಂದಾಯಿತು. ಮಿತ ಎಂದರೆ ಎಷ್ಟು? ಈಗ ನೀಟ್ ಬಂದಿದೆ. ರ್‍ಯಾಂಕು ಬಾಗಿಲು ತೆರೆಯಬಹುದು, ಫೀಸು ಕಟ್ಟುವುದಿಲ್ಲ.

ಅಕ್ಕತಂಗಿಯರೇ, ಕಾಲೇಜಿನವರನ್ನಷ್ಟೇ ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮಗನ ಮ್ಯಾನೇಜ್‌ಮೆಂಟ್ ಸೀಟಿಗೆ ಅಡಿಕೆ ತೋಟ ಅಡವಿಡುವ ಮನೆಗಳೇ ಮಗಳಿಗೆ "ನಿನಗೆ ಬಿ.ಎಸ್ಸಿ. ಸಾಕು" ಎನ್ನುತ್ತವೆ. ಅಡವಿಟ್ಟ ತೋಟ ಬಿಡಿಸುವುದು ಹೇಗೆ? ಡಾಕ್ಟರ್ ವರನ ಬೆಲೆ ಏರಿಸಿ! ಒಬ್ಬ ಹುಡುಗನ ಸೀಟಿಗೆ ಇನ್ನೊಂದು ಮನೆಯ ಹುಡುಗಿಯ ತಂದೆ ಕಂತು ಕಟ್ಟುತ್ತಾನೆ. ಉಳಿದದ್ದನ್ನು ರೋಗಿಗಳು ಕಟ್ಟುತ್ತಾರೆ. ಹೀಗೆ ಕಲಿತವನು ನಮ್ಮ ಗೋವಿನಕೋವಿಗೆ ಬಂದು ಕೂರಲಿ ಎಂದರೆ ಹೇಗೆ ಕೂತಾನು?

ನನ್ನ ತರಗತಿಯಲ್ಲಿ "ಡಾಕ್ಟರಾಗ್ತೀನಿ ಮಿಸ್" ಎನ್ನುವವರಲ್ಲಿ ಹುಡುಗಿಯರೇ ಹೆಚ್ಚು. ಅವರಿಗಾಗಿ ಕೇಳುತ್ತೇನೆ: ಯಾವ ಸೀಟು ಯಾರಿಗೆ, ಎಷ್ಟಕ್ಕೆ ಹೋಯಿತೆಂಬುದನ್ನು ಪ್ರತಿ ಕಾಲೇಜೂ ತನ್ನ ಬಾಗಿಲಲ್ಲೇ ಬರೆದು ಹಾಕಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಸಿಕೊಳ್ಳುವ ಕಾಲೇಜು, ಆ ಜಿಲ್ಲೆಯ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸರ್ಕಾರಿ ಫೀಸಿನಲ್ಲೇ ಒಂದಿಷ್ಟು ಸೀಟು ಕೊಡಲಿ. ಇದು ದಾನವಲ್ಲ. ಅವರ ತಾಯಂದಿರು ಆ ಮಂಚಗಳ ಮೇಲೆ ಮಲಗಿ ಮುಂಗಡವಾಗಿಯೇ ಫೀಸು ಕಟ್ಟಿದ್ದಾರೆ.