ಕರೆ ಬಂದ ಮೇಲೆ

ಮೊದಲ ಸಲ ಕೇದಾರನಾಥಕ್ಕೋ ಕೈಲಾಸಕ್ಕೋ ಹೊರಟು ನಿಂತವರನ್ನು ತಯಾರಿ ಹೇಗೆ ನಡೆದಿದೆ ಎಂದು ಕೇಳಿ ನೋಡಿ. ‘ಅವನು ಕರೆಸಿಕೊಂಡರೆ ಸಾಕು, ಮೈ ತಾನಾಗಿ ಹತ್ತುತ್ತದೆ’ ಎಂಬ ಉತ್ತರ ಸಲೀಸಾಗಿ ಬರುತ್ತದೆ. ಕೇಳುವವರು ತಲೆದೂಗುತ್ತಾರೆ, ಏಕೆಂದರೆ ಮಾತಿನಲ್ಲಿ ವಿನಯವೂ ಶರಣಾಗತಿಯೂ ಇರುವಂತೆ ತೋರುತ್ತದೆ. ನನಗೆ ಮಾತ್ರ ಇದು ಭಕ್ತಿಯ ಹೆಸರಿನಲ್ಲಿ ಭಕ್ತಿಯ ಕೆಲಸವನ್ನೇ ತಪ್ಪಿಸಿಕೊಳ್ಳುವ ಮಾತು ಎನಿಸುತ್ತದೆ. ಎತ್ತರದ ಪರ್ವತವನ್ನು ಮೊದಲ ಬಾರಿಗೆ ಏರುವುದು ಆಧ್ಯಾತ್ಮಿಕ ಪಯಣವಾಗಬೇಕಾದರೆ ಅದು ಮನೆಯಲ್ಲೇ, ಹೊರಡುವುದಕ್ಕೆ ತಿಂಗಳುಗಳ ಮೊದಲೇ ಶುರುವಾಗಬೇಕು. ಕಾಲು, ಉಸಿರು, ಹಸಿವು, ನಿದ್ದೆಗಳನ್ನು ಹದಕ್ಕೆ ತರುವುದು ಯಾತ್ರೆಯದೇ ಒಂದು ಭಾಗ, ಅದರ ದೊಡ್ಡ ಭಾಗ. 2022ರ ಚಾರ್‌ಧಾಮ್ ಋತುವಿನಲ್ಲಿ 200ಕ್ಕೂ ಹೆಚ್ಚು ಯಾತ್ರಿಕರು ಪ್ರಾಣ ಬಿಟ್ಟರು, ಬಹುಪಾಲು ಹೃದಯಾಘಾತದಿಂದ ಮತ್ತು ಎತ್ತರ ಕೆರಳಿಸಿದ ಇತರ ಆರೋಗ್ಯ ತೊಂದರೆಗಳಿಂದ. ಅವರಿಗೆ ಕರೆ ಬಂದಿರಲಿಲ್ಲ ಎಂದು ಹೇಳುವ ಎದೆಗಾರಿಕೆ ಯಾರಿಗಿದೆ?

ಎತ್ತರ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ. 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗಕ್ಕೆ ಇಳಿದಿರುತ್ತದೆ, ಹಾಗಾಗಿ ಪ್ರತಿ ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಅಷ್ಟೇ ಕಡಿಮೆ. ಕೈಲಾಸ ಪರಿಕ್ರಮದಲ್ಲಿ ದಾಟಬೇಕಾದ ಡೋಲ್ಮಾ ಲಾ 5,600 ಮೀಟರಿಗೂ ಮೇಲಿದೆ. ಅಲ್ಲಿ ಒತ್ತಡ ಅರ್ಧಕ್ಕೆ ಬರುತ್ತದೆ. ಈ ಕೊರತೆಗೆ ದೇಹ ತನ್ನದೇ ಲಯದಲ್ಲಿ ಉತ್ತರ ಹುಡುಕುತ್ತದೆ. ಉಸಿರಾಟ ಕೂಡಲೇ ಚುರುಕಾಗುತ್ತದೆ. ಅದರಿಂದ ಏರುಪೇರಾದ ರಕ್ತವನ್ನು ಮೂತ್ರಪಿಂಡಗಳು ಸರಿದೂಗಿಸಲು ಕೆಲವು ದಿನ ಬೇಕು. ಕೆಂಪು ರಕ್ತಕಣಗಳು ಸಾಕಷ್ಟು ಹೆಚ್ಚಲು ವಾರಗಳೇ ಬೇಕು. ಆದ್ದರಿಂದಲೇ 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಅಲ್ಲೇ ಉಳಿಯಬೇಕು ಎಂದು ಪರ್ವತವೈದ್ಯರು ಹೇಳುವುದು. ಅವಸರ ಮಾಡಿದರೆ ಮೊದಲು ತಲೆನೋವು, ವಾಕರಿಕೆ, ನಿದ್ದೆಗೇಡು. ಮುಂದುವರಿದರೆ ಶ್ವಾಸಕೋಶದಲ್ಲಿ ನೀರು, ಮಿದುಳಿನಲ್ಲಿ ಊತ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಮದ್ದು ಕೆಳಗಿಳಿಯುವುದು.

ಇಲ್ಲಿ ನಾನು ಗೌರವಿಸುವ ಒಂದು ಆಕ್ಷೇಪವಿದೆ. ಹವಾಯಿ ಚಪ್ಪಲಿ ಮೆಟ್ಟಿ, ಕೋಲೂರಿ, ಬಾಯಲ್ಲಿ ನಾಮ ಜಪಿಸುತ್ತಾ ಕೇದಾರ ಹತ್ತಿ ಇಳಿಯುವ ಹಳ್ಳಿಯ ಮುದುಕಿಯರು ಇಂದಿಗೂ ಇದ್ದಾರೆ. ಅವರಿಗೆ ಯಾವ ತರಬೇತಿ? ನೂರಾರು ವರ್ಷ ಈ ನಾಡಿನ ಬಡವರು ಡಾಕ್ಟರ ಚೀಟಿಯಿಲ್ಲದೆ ಹಿಮಾಲಯಕ್ಕೆ ಹೋಗಿ ಬರಲಿಲ್ಲವೇ? ಹೋಗಿ ಬಂದರು, ಹಿಂದಿರುಗದವರೂ ಬಹಳ, ಅವರ ಲೆಕ್ಕ ಇಟ್ಟವರಿಲ್ಲ. ಆದರೆ ಹೋಗಿ ಬಂದವರು ಹೇಗೆ ಹೋದರು ಎಂಬುದೇ ಮುಖ್ಯ. ಆ ಮುದುಕಿಯ ಇಡೀ ಬದುಕು ನಡಿಗೆಯಲ್ಲಿ, ಹೊರೆ ಹೊರುವುದರಲ್ಲಿ ಕಳೆದಿದೆ. ಅವಳ ತಯಾರಿ ನಮಗೆ ಕಾಣುವುದಿಲ್ಲ, ಅಷ್ಟೆ. ಮೋಟಾರು ರಸ್ತೆ ಬರುವ ಮೊದಲು ಯಾತ್ರಿಕರು ಋಷಿಕೇಶದಿಂದಲೇ ಕಾಲ್ನಡಿಗೆ ಹಿಡಿಯುತ್ತಿದ್ದರು. ದಾರಿಬದಿಯ ತಂಗುದಾಣಗಳಾದ ಚಟ್ಟಿಯಿಂದ ಚಟ್ಟಿಗೆ, ಒಂದೊಂದರಲ್ಲಿ ಉಳಿಯುತ್ತಾ, ಅಡುಗೆ ಮಾಡಿ ಉಣ್ಣುತ್ತಾ, ವಾರಗಟ್ಟಲೆ ನಡೆದು ದೇವರ ಬಳಿ ಬರುವಷ್ಟರಲ್ಲಿ ಅವರ ರಕ್ತ, ಶ್ವಾಸ ಎರಡೂ ಬೆಟ್ಟಕ್ಕೆ ಒಗ್ಗಿರುತ್ತಿದ್ದವು. ಭಕ್ತಿ ಆಗ ಕೆಲಸ ಮಾಡಿದ್ದು ನಿಧಾನದ ಮೂಲಕ. ಇಂದು ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ಎರಡು ಮೂರು ದಿನದಲ್ಲಿ ಕೇದಾರದ ಬಾಗಿಲಲ್ಲಿರುತ್ತಾರೆ. ಹೆಲಿಕಾಪ್ಟರ್ ಹಿಡಿದರೆ ಫಾಟಾದಿಂದ ಮೇಲೆ ಕೆಲವೇ ನಿಮಿಷ. ನಡೆದು ಹೋಗುವವರಿಗೂ ದಾರಿ ಮೊದಲಿನಂತಿಲ್ಲ. ನಡುದಾರಿಯಲ್ಲಿ ದಣಿವಾರಿಸಿಕೊಳ್ಳುವ ತಾಣವಾಗಿದ್ದ ರಾಂಬಾಡಾ 2013ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹಳೆಯ ಯಾತ್ರೆಯ ನಂಬಿಕೆಯನ್ನಷ್ಟೇ ಉಳಿಸಿಕೊಂಡು ಅದರ ನಡಿಗೆಯನ್ನು ಕೈಬಿಟ್ಟವರು ಹಿರಿಯರ ಸಾಕ್ಷಿ ಹೇಳಿ ಪ್ರಯೋಜನವಿಲ್ಲ.

ಕೇದಾರನಾಥನ ಪರಂಪರೆಯೇ ಈ ನಿಧಾನವನ್ನು ಕಣ್ಣೆದುರು ಮಾಡಿ ತೋರಿಸುತ್ತದೆ. ಚಳಿಗಾಲಕ್ಕೆ ಗುಡಿಯ ಬಾಗಿಲು ಮುಚ್ಚಿದಾಗ ಸ್ವಾಮಿಯ ಪಂಚಮುಖಿ ಉತ್ಸವಮೂರ್ತಿ ಕೆಳಗೆ ಊಖೀಮಠಕ್ಕೆ ಬಂದು ನೆಲೆಸುತ್ತದೆ. ಬೇಸಿಗೆಯಲ್ಲಿ ಮತ್ತೆ ಮೇಲೆ ಹೋಗುವಾಗ ಡೋಲಿ ಒಂದೇ ಓಟಕ್ಕೆ ಹೋಗುವುದಿಲ್ಲ. ಗುಪ್ತಕಾಶಿ, ಫಾಟಾ, ಗೌರಿಕುಂಡಗಳಲ್ಲಿ ರಾತ್ರಿ ತಂಗುತ್ತಾ, ಹೆಗಲ ಮೇಲೆ, ಕಾಲ್ನಡಿಗೆಯಲ್ಲಿ ಕೇದಾರ ಸೇರುತ್ತದೆ. ದೇವರು ತಂಗಿ ತಂಗಿ ಹತ್ತುವ ಬೆಟ್ಟವನ್ನು ಭಕ್ತರು ಒಂದೇ ಉಸಿರಿಗೆ ಮುಗಿಸಬೇಕು ಎನ್ನುವುದರಲ್ಲಿ ಯಾವ ಶ್ರದ್ಧೆಯಿದೆ?

ನಮಗೆ ಇನ್ನೂ ಹತ್ತಿರದ ಉದಾಹರಣೆ ಶಬರಿಮಲೆ. ಅದು ಸಮುದ್ರಮಟ್ಟದಿಂದ 500 ಮೀಟರ್ ಕೂಡ ಇಲ್ಲ. ಬೆಂಗಳೂರೇ ಅದಕ್ಕಿಂತ ಎತ್ತರದಲ್ಲಿದೆ. ಆ ಬೆಟ್ಟಕ್ಕೆ ಪರಂಪರೆ ಕೇಳುವುದು 41 ದಿನಗಳ ಮಂಡಲ ವ್ರತ. ಕೊರಳಿಗೆ ಮಾಲೆ ಬಿದ್ದ ದಿನದಿಂದ ಬೆಳಗಿನ ಜಾವದ ತಣ್ಣೀರ ಸ್ನಾನ, ಬರಿಗಾಲು, ನೆಲದ ಮೇಲೆ ಮಲಗುವುದು, ಮಿತವಾದ ಸಾತ್ವಿಕ ಊಟ, ಮದ್ಯಮಾಂಸ ವರ್ಜ್ಯ, ಬ್ರಹ್ಮಚರ್ಯ, ಎದುರಾದವರನ್ನೆಲ್ಲ ‘ಸ್ವಾಮಿ’ ಎಂದು ಕರೆಯುವ ಮಾತಿನ ಸಂಯಮ. ಮೊದಲ ಸಲ ಹೋಗುವವನು ಕನ್ನಿಸ್ವಾಮಿ. ಅವನು ತಾನೇ ಮಾಲೆ ಹಾಕಿಕೊಂಡು ಹೊರಡುವಂತಿಲ್ಲ. ಹಲವು ಸಲ ಹೋಗಿ ಬಂದ ಗುರುಸ್ವಾಮಿಯ ಕೈಯಿಂದ ಮಾಲೆ, ಅವನ ಕೈಯಿಂದಲೇ ಇರುಮುಡಿ, ಅವನ ಹಿಂದೆಯೇ ನಡಿಗೆ. ಇದರಲ್ಲಿ ಯಾವುದು ದೇಹದ ತಾಲೀಮು, ಯಾವುದು ಮನಸ್ಸಿನ ಶುದ್ಧಿ ಎಂದು ಗೆರೆ ಎಳೆಯಲು ಆಗುವುದೇ? ಬರಿಗಾಲಲ್ಲಿ ಓಡಾಡಿದ ಪಾದ ಗಟ್ಟಿಯಾಗುತ್ತದೆ, ಜೊತೆಗೆ ಅಹಂಕಾರವೂ ಅಷ್ಟು ಸವೆಯುತ್ತದೆ; ಎರಡೂ ಒಂದೇ ನಡಿಗೆಯಲ್ಲಿ ಆಗುತ್ತವೆ. ಮೊದಲ ಬಾರಿಗೆ ಹೋಗುವವನಿಗೆ ಪ್ರತ್ಯೇಕ ಸ್ಥಾನವನ್ನೂ ಪ್ರತ್ಯೇಕ ಜವಾಬ್ದಾರಿಯನ್ನೂ ಕೊಟ್ಟು, ಅವನನ್ನು ಅನುಭವಿಯೊಬ್ಬನಿಗೆ ಒಪ್ಪಿಸಿದ ಈ ವ್ಯವಸ್ಥೆಯಲ್ಲಿ ಬೆಟ್ಟ ಮತ್ತು ಮನುಷ್ಯ ಎರಡರ ಬಗ್ಗೆಯೂ ಆಳವಾದ ತಿಳಿವಳಿಕೆ ಇದೆ. ಅದೇ ಜನ ಶಬರಿಮಲೆಯ ಏಳು ಪಟ್ಟು ಎತ್ತರದ ಕೇದಾರಕ್ಕೆ ಹೊರಡುವಾಗ 41 ದಿನ ಹೋಗಲಿ, 4 ದಿನವನ್ನೂ ಮೀಸಲಿಡುವುದಿಲ್ಲ. ಸ್ವೆಟರು, ಟಿಕೆಟು, ಎತ್ತರದ ಕಾಯಿಲೆಗೆಂದು ಡಯಾಮಾಕ್ಸ್ ಮಾತ್ರೆ ಬ್ಯಾಗಿಗೆ ಸೇರಿದರೆ ತಯಾರಿ ಮುಗಿಯಿತು. ಹಿಮಾಲಯಕ್ಕೂ ಒಂದು ಮಂಡಲ ವ್ರತ ಬೇಕು ಎನ್ನುವುದು ನನ್ನ ವಾದದ ತಿರುಳು. ದಿನಾ ಬೆಳಿಗ್ಗೆ ಬೆನ್ನಿಗೆ ಭಾರ ಹೊತ್ತು ಮೆಟ್ಟಿಲು ಹತ್ತುವುದು, ಮಾತಾಡುತ್ತಲೇ ನಡೆಯಬಲ್ಲಷ್ಟು ನಿಧಾನದಲ್ಲಿ ಗಂಟೆಗಟ್ಟಲೆ ನಡೆಯುವುದು, ವಾರಕ್ಕೊಮ್ಮೆ ಹತ್ತಿರದ ಬೆಟ್ಟ, ಬೀಡಿ-ಸಿಗರೇಟು ಬಿಡುವುದು, ಹೃದಯ ಮತ್ತು ರಕ್ತದೊತ್ತಡದ ತಪಾಸಣೆ. ಇವನ್ನು ಜಪದಷ್ಟೇ ನಿಷ್ಠೆಯಿಂದ ಮಾಡಿದವರಿಗೆ ಇವು ಜಪಕ್ಕಿಂತ ಬೇರೆಯಾಗಿ ಕಾಣುವುದಿಲ್ಲ.

ಇದಕ್ಕೂ ಗಟ್ಟಿಯಾದ ಇನ್ನೊಂದು ಪ್ರಶ್ನೆಯಿದೆ. ತಾಲೀಮು ಎಂದರೆ ದೇಹದ ಮೇಲೆ ಹಿಡಿತ ಸಾಧಿಸುವುದು, ಅಧ್ಯಾತ್ಮವೆಂದರೆ ಹಿಡಿತ ಬಿಡುವುದು. ಹಾಗಿದ್ದರೆ ತಯಾರಿಯನ್ನು ಸಾಧನೆ ಎಂದು ಕರೆದವರು ಕೊನೆಗೆ ಜಿಮ್ಮನ್ನೇ ಗುಡಿ ಮಾಡುವುದಿಲ್ಲವೇ? ಈ ಅಪಾಯ ನಿಜ. ಆದರೆ ಎತ್ತರದ ವಿಚಿತ್ರವೆಂದರೆ ಅದು ಹಿಡಿತದ ಭ್ರಮೆಗೆ ಅವಕಾಶ ಕೊಡುವುದಿಲ್ಲ. ದೇಹ ಎಷ್ಟೇ ಸದೃಢವಾಗಿರಲಿ, ಎತ್ತರದ ಕಾಯಿಲೆಯಿಂದ ಅದು ರಕ್ಷಣೆ ಕೊಡುವುದಿಲ್ಲ. ಶಕ್ತಿಯಿದೆ ಎಂದು ಬಿರುಸಾಗಿ ಹತ್ತಿದ ತರುಣನೇ ಮೊದಲು ಬೀಳಬಹುದು. ಹಿಂದೊಮ್ಮೆ ಆರಾಮವಾಗಿ ಹೋಗಿ ಬಂದವರಿಗೂ ಈ ಸಲ ಏನಾಗುತ್ತದೆ ಎಂಬ ಖಾತ್ರಿಯಿಲ್ಲ. ತಾಲೀಮು ಕಾಲನ್ನು ಗಟ್ಟಿ ಮಾಡೀತು, ಹೃದಯದ ಹೊರೆ ಇಳಿಸೀತು. ಅದರಾಚೆಗೆ ಕಾಯುವುದೊಂದೇ ದಾರಿ. ಮಾಡಬೇಕಾದ್ದನ್ನೆಲ್ಲ ಮಾಡಿ ಫಲವನ್ನು ಕೈಯಲ್ಲಿ ಹಿಡಿಯದಿರುವ ಸ್ಥಿತಿಗೆ ಇದಕ್ಕಿಂತ ನೇರವಾಗಿ ಒಯ್ಯುವ ಅಭ್ಯಾಸ ನನಗೆ ತಿಳಿದಿಲ್ಲ. ಏನೂ ಮಾಡದೆ ಶರಣಾದೆ ಎನ್ನುವವನು ಒಪ್ಪಿಸುವುದಾದರೂ ಏನನ್ನು? ಜೊತೆಗೆ ಪರ್ವತ ಸತ್ಯವನ್ನು ಕೇಳುತ್ತದೆ. ‘ತಲೆ ನೋಯುತ್ತಿದೆ, ನನಗಾಗುತ್ತಿಲ್ಲ’ ಎಂದು ಸಹಯಾತ್ರಿಕರೆದುರು ಬಾಯಿಬಿಟ್ಟು ಹೇಳುವುದು ಬಹಳ ಜನಕ್ಕೆ ಬೆಟ್ಟ ಹತ್ತುವುದಕ್ಕಿಂತ ಕಷ್ಟ. ತನ್ನ ಮೈಯ ಸುದ್ದಿಯನ್ನು ಮುಚ್ಚಿಡದೆ ಹೇಳುವ ಅಭ್ಯಾಸವನ್ನೂ ಕೆಳಗಿರುವಾಗಲೇ ಮಾಡಿಕೊಳ್ಳಬೇಕು.

ತುದಿ ಮುಟ್ಟಿದರೇನೇ ಯಾತ್ರೆ ಎಂಬ ಹಟವನ್ನೂ ಕೆಳಗಿರುವಾಗಲೇ ಇಳಿಸಬೇಕು. ಜಗತ್ತಿನ ಮೂರನೇ ಅತಿ ಎತ್ತರದ ಶಿಖರವಾದ 8,586 ಮೀಟರಿನ ಕಾಂಚನಜುಂಗಾ ಸಿಕ್ಕಿಂನ ಜನಕ್ಕೆ ದೈವ. 1955ರಲ್ಲಿ ಚಾರ್ಲ್ಸ್ ಇವಾನ್ಸ್ ನೇತೃತ್ವದ ಬ್ರಿಟಿಷ್ ತಂಡ ಅದನ್ನು ಏರಲು ಹೋದಾಗ, ನೆತ್ತಿಯನ್ನು ತುಳಿಯುವುದಿಲ್ಲ ಎಂದು ಸಿಕ್ಕಿಂನ ಅರಸರಿಗೆ ಮಾತು ಕೊಟ್ಟಿತ್ತು. ಮೇ 25ರಂದು ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ಕೊನೆಯ ಕಡಿದಾದ ಬಂಡೆಯನ್ನು ಹತ್ತಿ, ತುದಿ ಕೆಲವೇ ಅಡಿ ದೂರವಿರುವಾಗ ನಿಂತರು, ಹಿಂದಿರುಗಿದರು. ಮರುದಿನ ಬಂದ ನಾರ್ಮನ್ ಹಾರ್ಡಿ ಮತ್ತು ಟೋನಿ ಸ್ಟ್ರೀದರ್ ಕೂಡ ಹಾಗೆಯೇ ಮಾಡಿದರು. ಆ ಹಿಮಗಾಳಿಯಲ್ಲಿ ನೋಡುವವರು ಯಾರೂ ಇರಲಿಲ್ಲ, ತಡೆಯುವವರೂ ಇರಲಿಲ್ಲ. ಅವರ ಪೂರ್ವಸಿದ್ಧತೆಯಲ್ಲಿ ಹಗ್ಗ, ಆಮ್ಲಜನಕದ ಸಿಲಿಂಡರುಗಳ ಜೊತೆಗೆ ಈ ನಿರ್ಧಾರವೂ ಇತ್ತು, ಹಾಗಾಗಿಯೇ ಅದು ಮೇಲೆ ಉಳಿಯಿತು. ನಿಲ್ಲುವ ತೀರ್ಮಾನವನ್ನು ಆಮ್ಲಜನಕ ಸಾಲದ ಮಿದುಳು ಮೇಲೆ ಹೋದ ಮೇಲೆ ಮಾಡಲಾರದು.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನಿಧಾನಕ್ಕೆ ರಜೆ ಬೇಕು, ದುಡ್ಡು ಬೇಕು. ದಿನಗೂಲಿಯವನಿಗೆ ಗುಪ್ತಕಾಶಿಯಲ್ಲಿ ಇನ್ನೊಂದು ರಾತ್ರಿ ಎಂದರೆ ಕೋಣೆಯ ಬಾಡಿಗೆಯೂ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು. ಅವನಿಗೆ ತಯಾರಿಯ ಉಪದೇಶ ಮಾಡುವುದು ಕ್ರೌರ್ಯ. ಆದರೆ ಈ ಭಾರವನ್ನು ಅವನೊಬ್ಬನೇ ಹೊರಬೇಕಿಲ್ಲ. ಭಾರತ ಸರ್ಕಾರ ನಡೆಸುವ ಕೈಲಾಸ ಮಾನಸ ಸರೋವರ ಯಾತ್ರೆಯಲ್ಲಿ ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ ಆಗುತ್ತದೆ. ಲಿಪುಲೇಖ್ ದಾರಿಯಲ್ಲಿ ಗುಂಜಿಯಲ್ಲಿ ಯಾತ್ರಿಕರನ್ನು ಎತ್ತರಕ್ಕೆ ಒಗ್ಗಲು ನಿಲ್ಲಿಸಿ ಮತ್ತೆ ತಪಾಸಣೆ ಮಾಡುತ್ತಾರೆ, ಆಗದವರನ್ನು ಅಲ್ಲಿಂದಲೇ ಹಿಂದೆ ಕಳಿಸುತ್ತಾರೆ. ಅಂಥ ಒಂದು ಗುಂಜಿ ಕೇದಾರದ ದಾರಿಯಲ್ಲೂ ಏಕಿರಬಾರದು? ಕರ್ನಾಟಕ ಸರ್ಕಾರ ಮಾನಸ ಸರೋವರಕ್ಕೂ ಚಾರ್‌ಧಾಮಕ್ಕೂ ಹೋಗುವವರಿಗೆ ಸಹಾಯಧನ ಕೊಡುತ್ತಾ ಬಂದಿದೆ. ಅದರ ಒಂದು ಪಾಲನ್ನು ಹೊರಡುವ ಮೊದಲಿನ ಹೃದಯ ತಪಾಸಣೆಗೆ, ದಾರಿಯ ಎರಡು ಹೆಚ್ಚುವರಿ ರಾತ್ರಿಗಳ ತಂಗುದಾಣಕ್ಕೆ ಮೀಸಲಿಡಬಹುದು. ಪ್ರವಾಸ ಏಜೆನ್ಸಿಗಳು ವಿಶ್ರಾಂತಿಯ ದಿನವನ್ನು ಪ್ಯಾಕೇಜಿನ ಒಳಗೇ ಸೇರಿಸಬೇಕು, ಕಾಯಿಲೆಯಾಗಿ ನಡುದಾರಿಯಲ್ಲಿ ಇಳಿದು ಬಂದವರಿಗೆ ಹಣದ ಒಂದು ಭಾಗವನ್ನಾದರೂ ಮರಳಿಸಬೇಕು. ಕಟ್ಟಿದ ದುಡ್ಡು ಹೋಗುತ್ತದೆಂಬ ಭಯಕ್ಕೇ ತಲೆನೋವನ್ನು ಯಾರಿಗೂ ಹೇಳದೆ ಮೇಲೆ ಹತ್ತುವವರಿದ್ದಾರೆ.