ಹಲಗಿ ಸೌಂಡ್ ಕಡಿಮಿ ಮಾಡ್ರಿ ಅಂದವರಿಗೆ

ಪೋಸ್ಟ್ ಉದ್ದ ಆಗತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪೂರ್ತಿ ಓದಾಕ ಪುರಸೊತ್ತಿಲ್ಲದವರು ಕೆಳಗೆ ಸವಣೂರು ಅಂತ ಬರೋ ಜಾಗಕ್ಕ ಹೋಗಿ ಅದೊಂದನ್ನಾದರೂ ಓದ್ರಿ.

ನಮ್ಮ ಆಡೂರು ಸುತ್ತಿನ ಹಳೇ ಹೋರಾಟದ ಹಾಡಿನ ತಂಡವನ್ನ ಮತ್ತೆ ಕೂಡಿಸಿ ಒಂದು ಆಲ್ಬಂ ಮಾಡಬೇಕು ಅಂತ ಮೂರು ತಿಂಗಳಿಂದ ವಾಟ್ಸಾಪ್ ಗ್ರೂಪಿನ್ಯಾಗ ಮಾತು ನಡದೈತಿ. ನಾನೂ ಆ ತಂಡದವನೇ. ಪಿಯುಸಿ ಓದುವಾಗ ಸೇರಿದೆ, ಬಿ.ಎ. ಮುಗಿಸಿದೆ, ಗುಮಾಸ್ತನ ನೌಕರಿ ಸಿಕ್ಕಿತು, ಆಮೇಲೂ ಸಿ.ಎಲ್. ಹಾಕಿ ಹೋಗಿ ಹಲಗಿ ಬಡಿದೆ. ಎತ್ತಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರ್, ಶಾಲೆ ಕಟ್ಟೆ ಎಲ್ಲವೂ ನಮಗೆ ವೇದಿಕೆಯೇ. ಮೈಕ್ ಇರತಿರಲಿಲ್ಲ. ಇದ್ದರೂ ಕರೆಂಟ್ ಇರತಿರಲಿಲ್ಲ. ತಂಡ ಒಡೆದು ಹದಿನೈದು ವರ್ಷದ ಮೇಲಾಯ್ತು. ಈಗ ಎಲ್ಲರ ತಲೆ ನರೆತೈತಿ, ಒಬ್ಬನಿಗೆ ಬೈಪಾಸ್ ಆಗೈತಿ, ಇಬ್ಬರು ತೀರಿಕೊಂಡಾರ. ಇಂಥಾ ಹೊತ್ತಿನ್ಯಾಗ ಮತ್ತೆ ಹಾಡೋಣು ಅಂದರ ಯಾರಿಗೆ ಖುಷಿ ಆಗಂಗಿಲ್ಲ? ನನಗೂ ಆತು.

ಸರಿ, ಮೊನ್ನೆ ರವಿವಾರ ಹುಬ್ಬಳ್ಳಿಯ ಒಂದು ಸ್ಟುಡಿಯೋಕ್ಕ ಹೋದ್ವಿ. ರೊಕ್ಕ ಹಾಕತೀನಿ ಅಂದ ಹಿತೈಷಿಯೊಬ್ಬರು ಜೊತೆಗಿದ್ದರು. ಹೆಸರು ಬ್ಯಾಡ, ಒಳ್ಳೇ ಮನುಷ್ಯ. ಸ್ಟುಡಿಯೋದವನು ನಾವು ಬಾರಿಸಿದ್ದನ್ನ ಕೇಳಿ ಮೂರು ಮಾತು ಹೇಳಿದ. ಒಂದು, ಹಲಗಿ ಸೌಂಡ್ ಬಾಳ ಆತು, ಹಾಡು ಮುಚ್ಚಿ ಹೋಗತೈತಿ, ಅದನ್ನ ಹಿಂದಕ್ಕ ತಳ್ಳಿ ಪ್ಯಾಡ್‌ನ್ಯಾಗ ಹಾಕಿಕೊಡತೀನಿ. ಎರಡು, ಹಾಡಿನೊಳಗ ಜಾತಿ ಹೆಸರು ಬ್ಯಾಡ, ಯೂಟ್ಯೂಬ್‌ನವರು ತಗದು ಹಾಕಬಹುದು. ಮೂರು, ಆಲ್ಬಂ ಹೆಸರು 'ಸಮಾನತೆಯ ಸ್ವರ' ಅಂತ ಇಡ್ರಿ, ಎಲ್ಲರೂ ಕೇಳತಾರ.

ನಮ್ಮವರು ತಲೆ ಅಲ್ಲಾಡಿಸಿದರು. ಹಿತೈಷಿಗಳು "ಪ್ರಾಕ್ಟಿಕಲ್ ಆಗಿ ಯೋಚನೆ ಮಾಡ್ರಿ" ಅಂದರು. ನಾನು ಮಾತಾಡದೆ ಹೊರಗೆ ಬಂದು ಚಾ ಕುಡಿದೆ. ಮಾತಾಡಬೇಕಿತ್ತು, ಆಡಲಿಲ್ಲ. ಅದಕ್ಕೇ ಈ ಪೋಸ್ಟ್.

ಮನೆಗೆ ಬಂದು ಈ ಸುದ್ದಿ ಹೇಳಿದರ ನನ್ನ ಅಕ್ಕನ ಮಗ, ಧಾರವಾಡದಾಗ ಓದತಾನ, "ಮಾವಾ, ಇದ ನೋಡು" ಅಂತ ಒಂದು ಸಿನಿಮಾ ತೋರಿಸಿದ. ಅಮೆರಿಕದ ಡೆಟ್ರಾಯಿಟ್ ಊರಿನ ಮೂವರು ಕರಿಯ ಅಣ್ಣತಮ್ಮಂದಿರ ಕಥೆ. ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಅಂತ. ಅವರ ಬ್ಯಾಂಡಿನ ಹೆಸರು 'ಡೆತ್'. ಸಾವು ಅಂತ. ಅವರಪ್ಪ ಅಪಘಾತದಾಗ ಸತ್ತಿದ್ದ, ಅದರ ಮೇಲೆ ಡೇವಿಡ್ ಆ ಹೆಸರು ಇಟ್ಟಿದ್ದ. ಆ ಕಾಲಕ್ಕೆ ಕರಿಯರು ಅಂದರೆ ಇಂಥಾ ಹಾಡೇ ಹಾಡಬೇಕು ಅಂತ ಇತ್ತು. ಇವರು ಅದನ್ನ ಬಿಟ್ಟು ಕಿವಿ ಹರಿಯೋ ವೇಗದ ರಾಕ್ ಬಾರಿಸಿದರು. ಅದು ಮುಂದೆ ಪಂಕ್ ಅನ್ನಿಸಿಕೊಂಡಿತು. ಪಂಕ್‌ನ ಮೊದಲಿಗರು ಅಂತ ಎಲ್ಲರೂ ಹೇಳೋ ರಮೋನ್ಸ್ ತಂಡದ ಮೊದಲ ಆಲ್ಬಂ ಬಂದಿದ್ದು 1976ರಲ್ಲಿ. ಇವರು ರೆಕಾರ್ಡ್ ಮಾಡಿದ್ದು 1975ರಲ್ಲಿ. ರೆಕಾರ್ಡ್ ಕಂಪನಿಯ ದೊಡ್ಡ ಮನುಷ್ಯ ಕ್ಲೈವ್ ಡೇವಿಸ್ ರೊಕ್ಕ ಹಾಕಾಕ ತಯಾರಿದ್ದ. ಒಂದೇ ಷರತ್ತು: ಹೆಸರು ಬದಲಿಸ್ರಿ. ಡೇವಿಡ್ ಆಗಂಗಿಲ್ಲ ಅಂದ. ಮುಗೀತು. ಕಂಪನಿ ಕೈ ಬಿಟ್ಟಿತು. ತಾವೇ ಐದುನೂರು ಪ್ರತಿ ಅಚ್ಚು ಹಾಕಿಸಿಕೊಂಡರು, ಯಾರೂ ಕೇಳಲಿಲ್ಲ. ಟೇಪುಗಳು ಅಟ್ಟ ಸೇರಿದವು. ಡೇವಿಡ್ 2000ದಾಗ ಕ್ಯಾನ್ಸರ್‌ನಿಂದ ಸತ್ತ. 2009ರಲ್ಲಿ ಆ ಹಾಡು ಮೊದಲ ಸಲ ಆಲ್ಬಂ ಆಗಿ ಬಂದವು, ಮೂವತ್ನಾಲ್ಕು ವರ್ಷದ ಮೇಲೆ. ಉಳಿದ ಇಬ್ಬರು 2015ರಲ್ಲಿ ಇನ್ನೊಂದು ಆಲ್ಬಂ ತಂದರು. ಹೆಸರು ಮಾತ್ರ ಅದೇ. ಡೆತ್.

ನನಗೆ ಇಂಗ್ಲಿಷ್ ಹಾಡು ತಿಳಿಯಂಗಿಲ್ಲ. ಪಂಕ್ ಅಂದರೆ ಕೂದಲು ನೆಟ್ಟಗೆ ನಿಲ್ಲಿಸಿಕೊಂಡ ಹುಡುಗರು ಅಂತ ಅಷ್ಟೇ ಗೊತ್ತಿತ್ತು. ಆದರೆ 1975 ಅನ್ನೋ ಇಸವಿ ಕೇಳಿದ ಕೂಡಲೇ ಮೈ ಜುಮ್ ಅಂತು. ಯಾಕಂದರೆ ಅದೇ 1975ರಲ್ಲಿ ಸಿದ್ದಲಿಂಗಯ್ಯನವರ ಪುಸ್ತಕ ಬಂತು. ಅದರ ಹೆಸರೇನು? 'ಹೊಲೆಮಾದಿಗರ ಹಾಡು'.

ಆ ಹೆಸರನ್ನ ಒಂದು ಸಲ ಬಾಯಿಬಿಟ್ಟು ಹೇಳಿ ನೋಡ್ರಿ. ಊರಾಗ ಬೈಗುಳವಾಗಿದ್ದ ಎರಡು ಶಬ್ದ. ಶಾಲೆಯಲ್ಲಿ ಹಾಜರಿ ಕರೆಯುವಾಗ ನಾವು ತಲೆ ತಗ್ಗಿಸಿದ ಶಬ್ದ. ಅದನ್ನ ಎತ್ತಿ ಒಂದು ಪುಸ್ತಕದ ಹಣೆ ಮೇಲೆ ಬರೆದರು. ಅದಕ್ಕೂ ಎರಡು ವರ್ಷ ಮೊದಲು, 1973ರಲ್ಲಿ, ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಾಗ ಬೂಸಾ ಬಾಳ ಐತಿ ಅಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿದಿತ್ತು, ಹಾಸ್ಟೆಲ್ ಹುಡುಗರು ಹೊಡೆತ ತಿಂದಿದ್ದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಟ್ಟಿದ್ದರು. ಆ ಬೆಂಕಿಯಿಂದಲೇ ಬಿ. ಕೃಷ್ಣಪ್ಪನವರಂಥವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಆಗ ಯಾರೂ 'ಸಮಾನತೆಯ ಸ್ವರ' ಅಂತ ಹೆಸರು ಇಡಲಿಲ್ಲ. ಇಟ್ಟಿದ್ದರೆ ಆಕಾಶವಾಣಿಯ ಬೆಳಗಿನ ಚಿಂತನ ಆಗತಿತ್ತು, ಹಾವೇರಿ ಜಿಲ್ಲೆಯ ಹಳ್ಳಿಯ ಕೇರಿಗೆ ಬಂದು ಮುಟ್ಟತಿರಲಿಲ್ಲ.

ಮುಂದೆ ಸಿದ್ದಲಿಂಗಯ್ಯನವರು ವಿಧಾನ ಪರಿಷತ್ತಿಗೆ ಹೋದರು, ದನಿ ಮೆತ್ತಗಾತು ಅಂತ ನಾವೇ ಬೈದೀವಿ. ಆ ತಕರಾರು ನನಗೆ ಈಗಲೂ ಐತಿ. 2021ರಲ್ಲಿ ಕೋವಿಡ್‌ನಲ್ಲಿ ಅವರು ಹೋದಾಗ ಮಾತ್ರ ಒಂದು ರಾತ್ರಿ ಊಟ ಸೇರಲಿಲ್ಲ. ಸತ್ತ ಮ್ಯಾಲೆ ಪದ್ಮಶ್ರೀ ಕೊಟ್ಟರು.

ಈಗ ಹಲಗಿ ವಿಷಯಕ್ಕೆ ಬರೋಣ. ಇದರಾಗ ನಮ್ಮವರದೂ ತಪ್ಪು ಐತಿ, ಅದನ್ನೂ ಹೇಳತೀನಿ. ಹೆಣದ ಮುಂದೆ ಹಲಗಿ, ಜಾತ್ರೆ ಮುಂದೆ ಹಲಗಿ, ಡಂಗುರಕ್ಕ ಹಲಗಿ, ಪುಕ್ಕಟೆ ಬಾರಿಸು ಅಂತ ಊರವರು ಹೇಳತಿದ್ದರು. ಬಾರಿಸಂಗಿಲ್ಲ ಅಂತ ಎಷ್ಟೋ ಊರಾಗ ನಮ್ಮ ಹಿರಿಯರು ಹಲಗಿ ಗೂಟಕ್ಕೆ ನೇತು ಹಾಕಿದರು. ಅದು ಹೋರಾಟ. ನಮ್ಮಪ್ಪನೂ ಮಾಡಿದ. ಬಹಿಷ್ಕಾರ ಹಾಕಿದರು, ಕೂಲಿ ಬಂದ್ ಆತು, ಗಿರಣಿಯಾಗ ಜ್ವಾಳ ಬೀಸಿ ಕೊಡಲಿಲ್ಲ. ಆಮೇಲೆ ನಾನು ತಂಡಕ್ಕೆ ಸೇರಿ ಹಲಗಿ ಹಿಡಿದಾಗ ಅಪ್ಪ ಎರಡು ತಿಂಗಳು ಮಾತು ಬಿಟ್ಟ. "ನಾ ಇಳಿಸಿದ್ದನ್ನ ನೀ ಮತ್ತ ಕೊಳ್ಳಿಗೆ ಹಾಕ್ಕೊಂಡಿ" ಅಂದ. ಒಂದು ಸಲ ಹಾನಗಲ್‌ನ ಮೆರವಣಿಗೆಗೆ ಬಂದು ದೂರ ನಿಂತು ನೋಡಿದ. ನಾವು ಯಾರ ಮನೆ ಮುಂದೆಯೂ ಕೈ ಒಡ್ಡದೆ, ನಮ್ಮದೇ ಬೇಡಿಕೆಗೆ, ತಹಶೀಲ್ದಾರ್ ಕಚೇರಿ ಮುಂದೆ ಬಾರಿಸುತ್ತಿದ್ದೆವು. ರಾತ್ರಿ ಮನೆಗೆ ಬಂದ ಮ್ಯಾಲೆ "ನಿನ್ನ ಎಡಗೈ ಸರಿ ಬೀಳವಲ್ದು, ಕಡ್ಡಿ ಸಡ್ಲ ಹಿಡಿ" ಅಂದ. ಅದೇ ಮೊದಲ ಮಾತು.

ಈಗ ಹೋಳಿ ಹುಣ್ಣಿವಿಗೆ ಹುಬ್ಬಳ್ಳಿಯಲ್ಲಿ ಎಲ್ಲಾ ಜಾತಿಯ ಹುಡುಗರೂ ಹಲಗಿ ಬಾರಿಸತಾರ, ಜಗ್ಗಲಿಗಿ ಹಬ್ಬ ಮಾಡತಾರ, ಟಿವಿಯವರು ಬರತಾರ. ಬಾರಿಸಲಿ, ನನ್ನ ತಕರಾರಿಲ್ಲ. ಚಿಕ್ಕಬಳ್ಳಾಪುರದ ಕಡೆಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಕಣ್ಣಾಗ ನೀರು ಬಂತು. ಆದರೆ ಎಲ್ಲರೂ ಬಾರಿಸಬಹುದಾದ ಹಲಗಿ, ನಮ್ಮ ಹಾಡಿನೊಳಗ ಮಾತ್ರ ಸೌಂಡ್ ಬಾಳ ಆಗತೈತಿ ಅಂದರ ಹೆಂಗ್ರಿ? ಸ್ವಾಮಿ, ಹಾಡು ಹಲಗಿಯ ಮ್ಯಾಲೆ ನಿಂತೈತಿ. ಬೆಂಕಿಗೆ ಹಿಡಿದು ಕಾಯಿಸಿದ ಚರ್ಮ ಕೊಡೋ ಆ ಹರಿತ ನಿಮ್ಮ ಪ್ಯಾಡ್‌ನ್ಯಾಗ ಇಲ್ಲ. ಈಗೀಗ ಪ್ಲಾಸ್ಟಿಕ್ ಹೊದಿಕೆಯ ಹಲಗಿ ಬಂದಾವ, ಮಳೆಗೂ ಬಡಿಬಹುದು, ಅನುಕೂಲ ಐತಿ. ಅದೂ ಬೇಕಾದರೆ ಒಪ್ಪತೀನಿ. ಹಿಂದಕ್ಕ ತಳ್ಳೋದು ಮಾತ್ರ ಒಪ್ಪಂಗಿಲ್ಲ. ಹಿಂದೆ ನಿಂತು ಸಾಕಾಗೈತಿ ನಮಗ.

ಚೆನ್ನೈನ ಹುಡುಗರನ್ನ ನೋಡ್ರಿ. ಪಾ. ರಂಜಿತ್ ಬೆನ್ನಿಗೆ ನಿಂತು ಕಟ್ಟಿಸಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಏರಿತು. ಪರೈ, ಗಾನಾ, ರ‍್ಯಾಪ್, ಗಿಟಾರ್ ಎಲ್ಲಾ ಒಂದೇ ಸಾಲಿನ್ಯಾಗ. ಪರೈ ಹಿಂದೆ ಇರಲಿಲ್ಲ. ಹೆಸರಿನೊಳಗೇ ಜಾತಿ ಶಬ್ದ ಇಟ್ಟುಕೊಂಡರು, ಯೂಟ್ಯೂಬ್ ಏನೂ ಮುಳುಗಲಿಲ್ಲ. ಇಲ್ಲಿ ಏಪ್ರಿಲ್ 14ಕ್ಕೆ ಡಿಜೆ ಹಚ್ಚಿ ಕುಣಿಯೋ ನಮ್ಮ ಹುಡುಗರನ್ನ ಹಿರಿಯರು ಬೈತಾರ, ಸಂಸ್ಕಾರ ಇಲ್ಲ, ವಿಚಾರ ಇಲ್ಲ ಅಂತ. ನಾನೂ ಬೈದವನೇ. ಆದರೆ ಆ ಹುಡುಗರು ನಮ್ಮ ಹಾಡು ಯಾಕೆ ಹಾಕಂಗಿಲ್ಲ ಅಂತ ಒಂದು ದಿನ ಕೇಳಿದೆ. ಒಬ್ಬ ಹೇಳಿದ, "ಕಾಕಾ, ನಿಮ್ಮ ಹಾಡು ಕೇಳಿದರ ಅಳು ಬರತೈತಿ. ನಮಗ ಎದ್ದು ನಿಲ್ಲೋ ಹಾಡು ಬೇಕು." ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಅದೇ ಎಂಟು ಹಾಡು. ಶಾಲು, ಹಾರ, ನೆನಪಿನ ಕಾಣಿಕೆ, ಅದೇ ಎಂಟು ಹಾಡು.

ಸೆಕ್ಸ್ ಪಿಸ್ಟಲ್ಸ್ ಅಂತ ಇಂಗ್ಲೆಂಡಿನ ಪಂಕ್ ತಂಡ ಇತ್ತು, ರಾಣಿಯನ್ನೇ ಬೈದು ಹಾಡಿದವರು. 1978ರಲ್ಲಿ ಒಡೆದು 1996ರಲ್ಲಿ ಮತ್ತೆ ಕೂಡಿದರು. ಆ ಪ್ರವಾಸಕ್ಕೆ 'ಹೊಲಸು ರೊಕ್ಕ' ಅನ್ನೋ ಅರ್ಥದ ಹೆಸರನ್ನೇ ಇಟ್ಟರು. ರೊಕ್ಕಕ್ಕೆ ಬಂದೀವಿ ಅಂತ ಮುಖದ ಮೇಲೆ ಹೇಳಿದರು. ಕನಿಷ್ಠ ಅಷ್ಟು ಪ್ರಾಮಾಣಿಕತೆ. ನಾವು ಸನ್ಮಾನಕ್ಕೆ ಬಂದು ಕ್ರಾಂತಿಗೆ ಬಂದೀವಿ ಅಂತೀವಿ.

ಇನ್ನು ಸವಣೂರು.

2010ರ ಜುಲೈ ತಿಂಗಳು. ನಮ್ಮದೇ ಜಿಲ್ಲೆ. ತಲೆಮಾರುಗಳಿಂದ ಊರಿನ ಮಲ ಬಳಿದ ಭಂಗಿ ಸಮುದಾಯದ ಮನೆಗಳಿದ್ದ ಜಾಗ ಖಾಲಿ ಮಾಡಿಸಿ ಮಳಿಗೆ ಕಟ್ಟೋ ಮಾತು ನಡೆದಿತ್ತು. ಅರ್ಜಿ ಕೊಟ್ಟರು, ಕೇಳಿಕೊಂಡರು. ಕೊನೆಗೆ ಪುರಸಭೆ ಮುಂದೆ ನಿಂತು ಮಲವನ್ನ ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಮಲ ಹೊರಿಸೋದನ್ನ 1993ರ ಕಾಯ್ದೆ ಅಪರಾಧ ಅಂದಿತ್ತು, ಅಂದರೆ ಹದಿನೇಳು ವರ್ಷ ಹಳೇ ಕಾಯ್ದೆ. ಆವತ್ತು ದೇಶವೇ ತಿರುಗಿ ನೋಡಿತು.

ವೇದಿಕೆ ಮೇಲೆ ಇಗ್ಗಿ ಪಾಪ್ ಗಾಜಿನಿಂದ ಎದೆ ಗೀರಿಕೊಂಡ ಅಂತ ಪಂಕ್ ಅಭಿಮಾನಿಗಳು ಇವತ್ತಿಗೂ ಹೇಳತಾರಂತ. ಗೀರಿಕೊಳ್ಳಲಿ. ಸವಣೂರಿನವರಿಗೆ ಟಿಕೆಟ್ ಕೊಂಡು ಬಂದ ಪ್ರೇಕ್ಷಕರು ಇರಲಿಲ್ಲ. ಅವರು ನಾಟಕ ಮಾಡಲಿಲ್ಲ. ನೀವು ನಮ್ಮನ್ನ ಏನಂತ ನೋಡತೀರೋ ಅದನ್ನ ಕಣ್ಣು ಮುಚ್ಚದೆ ನೋಡ್ರಿ ಅಂದರು.

ಆವತ್ತು ನಮ್ಮ ತಂಡ ಎಲ್ಲಿತ್ತು? ಬರೀತೀನಿ, ಕೋಪ ಬರಲಿ. ನಾವು ಜಗಳದಾಗ ಇದ್ವಿ. ಬ್ಯಾನರ್ ಮೇಲೆ ಯಾರ ಹೆಸರು ಮೊದಲು, ಎಡಗೈಯವರೆಷ್ಟು, ಬಲಗೈಯವರೆಷ್ಟು, ಹಾರ್ಮೋನಿಯಂ ಯಾರ ಮನೆಯಾಗ ಇರಬೇಕು. ಆ ಹಾರ್ಮೋನಿಯಂ ಕಡೀಗೆ ಇಲಿ ತಿಂದವು. ಸವಣೂರಿಗೆ ನಮ್ಮೊಳಗ ಇಬ್ಬರು ಹೋಗಿ ಬಂದರು, ನಾನು ಹೋಗಲಿಲ್ಲ. ಆಫೀಸಿನ್ಯಾಗ ಆಡಿಟ್ ಇತ್ತು ಅಂತ ಹೇಳಿದೆ. ಆಡಿಟ್ ಇದ್ದದ್ದು ಖರೇ. ರಜಾ ಕೇಳಿದ್ದರ ಸಿಗತಿತ್ತು ಅನ್ನೋದೂ ಖರೇ. ನಮ್ಮ ತಂಡ ಸವಣೂರಿನ ಮೇಲೆ ಒಂದು ಹಾಡು ಕಟ್ಟಲಿಲ್ಲ. ಒಂದು ಸಾಲೂ ಇಲ್ಲ. ಎಂಟು ಹಾಡು ಎಂಟೇ ಉಳಿದವು.

ಒಳಮೀಸಲಾತಿ ವಿಷಯದಾಗ 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆಮೇಲೆ ನಾಗಮೋಹನದಾಸ್ ಆಯೋಗ, 2025ರ ಆಗಸ್ಟ್‌ನಲ್ಲಿ ಸಂಪುಟದ ಆರು-ಆರು-ಐದು. ಲೆಕ್ಕ ಆಗಬೇಕಿತ್ತು, ಆತು. ಅಲೆಮಾರಿಗಳಿಗೆ ಆದ ಅನ್ಯಾಯ ಬೇರೆ, ಅದಕ್ಕೆ ಬೇರೆ ಪೋಸ್ಟ್ ಬೇಕು. ನನ್ನ ಮಾತು ಇಷ್ಟೇ: ಪಾಲು ಬೇರೆ ಮಾಡಿಕೊಂಡ ಅಣ್ಣತಮ್ಮಂದಿರು ಒಂದೇ ಪಂಕ್ತಿಯಾಗ ಊಟಕ್ಕೆ ಕೂಡಂಗಿಲ್ಲ ಅಂತ ಎಲ್ಲಿ ಐತಿ? 'ಹೊಲೆಮಾದಿಗರ' ಅಂತ ಎರಡು ಶಬ್ದವನ್ನ ನಡುವೆ ಜಾಗ ಬಿಡದೆ ಒಂದೇ ಮಾಡಿದ ಹೆಸರು ಅದು. ಅದನ್ನ ಬಾಯಲ್ಲಿ ಹಾಡಿ, ಸ್ಟುಡಿಯೋಕ್ಕ ಬೇರೆ ಬೇರೆ ಕಾರಿನ್ಯಾಗ ಬಂದವರು ನಾವು. ಮೊನ್ನೆ ರವಿವಾರ. ಯಾರೂ ಮಾತಾಡಲಿಲ್ಲ ಅದರ ಬಗ್ಗೆ.

ಅದಕ್ಕೆ ಹಿತೈಷಿಗಳಿಗೆ ಕೈ ಮುಗಿದು ಹೇಳತೀನಿ, ನಿಮ್ಮ ರೊಕ್ಕ ಬ್ಯಾಡ. ಸ್ಟುಡಿಯೋದವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಗೊತ್ತಿದ್ದನ್ನ ಹೇಳಿದ. ಸಿಟ್ಟು ತಲೆ ಅಲ್ಲಾಡಿಸಿದ ನಮ್ಮವರ ಮೇಲೆ, ಚಾ ಕುಡಿಯಾಕ ಹೋದ ನನ್ನ ಮೇಲೆ. ಈ ಆಲ್ಬಂ ಬರೋದಾದರೆ ಜಾತಿ ಹೆಸರು ಇರತೈತಿ, ಹಲಗಿ ಮುಂದೆ ಇರತೈತಿ, ಮೊದಲ ಹಾಡು ಸವಣೂರಿನದು ಇರತೈತಿ, ಅದೂ ಅಲ್ಲಿಯ ಮನೆಗಳಿಗೆ ಹೋಗಿ ಕೂತು ಕೇಳಿ, ಅವರು ಒಪ್ಪಿದರೆ ಮಾತ್ರ ಕಟ್ಟಿದ್ದು. ಅವರು ಬ್ಯಾಡ ಅಂದರೆ ಬ್ಯಾಡ. ನಮ್ಮ ಪುನರಾಗಮನಕ್ಕೆ ಅವರ ಮೈ ಮೇಲಿನದು ಸರಕಲ್ಲ.

ರೆಕಾರ್ಡಿಂಗ್ ಫೋನ್‌ನ್ಯಾಗ ಮಾಡಿದರೂ ನಡೀತೈತಿ. ನನ್ನ ಅಕ್ಕನ ಮಗ ಒಂದು ಮೈಕ್ ತರತಾನಂತ. ಡಿಜೆ ಹುಡುಗರಿಗೂ ಹೇಳೀನಿ, ಇಬ್ಬರು ಬರತೀವಿ ಅಂದಾರ, ಒಬ್ಬ "ನೋಡೋಣು ಕಾಕಾ" ಅಂದಾನ.

ಬರೋ ರವಿವಾರ ಮುಂಜಾನೆ ಹತ್ತಕ್ಕೆ, ಆಡೂರಿನಾಗ, ನಮ್ಮ ಕೇರಿಯ ಬೇವಿನ ಗಿಡದ ಕೆಳಗೆ. ತಂಡದ ಹಳೇ ಮಂದಿ ಎರಡೂ ಕಡೆಯವರು ಬರ್ರಿ, ಒಂದೇ ಗಾಡಿಯಾಗ ಬಂದರೆ ಛಲೋ. ಹಲಗಿ ಕಾಯಿಸಾಕ ಒಣಹುಲ್ಲು ನಾ ತರತೀನಿ, ಊಟಕ್ಕೆ ರೊಟ್ಟಿ ನಮ್ಮ ಮನೆಯಿಂದ. ಪಲ್ಯಾ ಯಾರಾದರೂ ತರ್ರಿ.